ದವಡೆ ಹಲ್ಲಿನ ಫಿಲ್ಲಿಂಗ್ ಬೇಗ ಸವೆಯಬಾರದು ಅಂದ್ರೆ

ನಾನು ಶಿರಸಿ ಕಡೆ ಹಲ್ಲಿನ ಡಾಕ್ಟರು. ಹುಳುಕು ಹಲ್ಲು ತೋರಿಸಲು ಬಂದವರನ್ನು ಮೊದಲು ಕೇಳುವುದು, ಕವಳ (ಎಲೆ ಅಡಿಕೆ) ಹಾಕ್ತೀರಾ ಅಂತ. ವರ್ಷಾನುಗಟ್ಟಲೆ ಅಡಿಕೆ ಅಗಿದವರ ಹಲ್ಲೇ ಸವೆದು ಚಪ್ಪಟೆಯಾಗಿರುತ್ತದೆ, ಇನ್ನು ಫಿಲ್ಲಿಂಗ್ ತಡೆಯುತ್ತದೆಯೇ? ಅಡಿಕೆಯಿಂದ ಬಾಯಿ ಕ್ಯಾನ್ಸರ್ ಕೂಡ ಬರುತ್ತದೆ, ಬಿಟ್ಟರೆ ಎಷ್ಟೋ ಒಳ್ಳೆಯದು. ಡಾಕ್ಟರು ಕೇಳದಿದ್ದರೂ ಕವಳ ಹಾಕುವುದನ್ನು ನೀವೇ ಹೇಳಿಬಿಡಿ. ನಿದ್ದೆಯಲ್ಲಿ ಹಲ್ಲು ಕಡಿಯುವುದು, ಹುಳಿತೇಗು ಇದ್ದರೆ ಅದನ್ನೂ ಹೇಳಿ, ಅವೂ ಹಲ್ಲು ಸವೆಸುತ್ತವೆ.

'ಸುಮ್ನೆ ಸಿಮೆಂಟ್ ಹಾಕಿ ಸಾಕು' ಅನ್ನುವವರು ಜಾಸ್ತಿ. ಗ್ಲಾಸ್ ಅಯನೋಮರ್ ಸಿಮೆಂಟ್ ಫ್ಲೋರೈಡ್ ಬಿಡುತ್ತದೆ. ಮಕ್ಕಳ ಹಾಲುಹಲ್ಲಿಗೆ, ವಸಡಿನ ಅಂಚಿಗೆ ಬಹಳ ಚೆನ್ನ. ಆದರೆ ದೊಡ್ಡವರು ಅಗಿಯುವ ಜಾಗದಲ್ಲಿ ಅದು ಬೇಗ ತಗ್ಗು ಬೀಳುತ್ತದೆ. ಹಳೆಯ ಬೆಳ್ಳಿ ಫಿಲ್ಲಿಂಗ್ ಗಟ್ಟಿ, ನಿಜ. ಅದರಲ್ಲಿ ಹೆಚ್ಚುಕಮ್ಮಿ ಅರ್ಧ ಪಾದರಸ, ಹಾಗಾಗಿ ಬಳಕೆ ಕಮ್ಮಿಯಾಗುತ್ತಿದೆ. ದವಡೆ ಹಲ್ಲಿಗೆ ನಾನು ಹೆಚ್ಚಾಗಿ ಹಾಕುವುದು ಕಾಂಪೋಸಿಟ್.

ಕಾಂಪೋಸಿಟ್ ಅಂದ್ರೆ ಮೆತ್ತಗಿನ ರೆಸಿನ್ (ಒಂಥರಾ ಪ್ಲಾಸ್ಟಿಕ್), ಅದರೊಳಗೆ ಗಾಜಿನ ಸಣ್ಣ ಕಣಗಳು. ಅಗಿದಾಗ ಮೊದಲು ಕಣಗಳ ನಡುವಿನ ರೆಸಿನ್ ಸವೆಯುತ್ತದೆ, ಆಮೇಲೆ ಹಿಡಿತ ತಪ್ಪಿ ಕಣವೇ ಕಿತ್ತು ಬರುತ್ತದೆ. ಹಿಂದೆ ಕಣಗಳು ದೊಡ್ಡವಿದ್ದವು, ಗುಳಿಯೂ ದೊಡ್ಡದು. ಈಗಿನವು ತೀರಾ ನುಣ್ಣಗಿರುವುದರಿಂದ ಸವೆತ ನಿಧಾನ. ಆದರೂ ಮಾಮೂಲಿ ಕಾಂಪೋಸಿಟ್ ಅನ್ನು ಸುಮಾರು 2 ಮಿಲಿಮೀಟರ್ ಪದರ ಹಾಕಿ, ನೀಲಿ ಬೆಳಕು ಹಾಯಿಸಿ ಗಟ್ಟಿ ಮಾಡಿ, ಮತ್ತೆ ಮುಂದಿನ ಪದರ ಹಾಕಬೇಕು. ಅವಸರ ಮಾಡಿದರೆ ಅಡಿಯಲ್ಲಿ ಮೆತ್ತಗೇ ಉಳಿಯುತ್ತದೆ. 'ಬೇಗ ಮುಗಿಸಿ ಡಾಕ್ಟ್ರೇ' ಅಂತ ದಯವಿಟ್ಟು ಒತ್ತಾಯಿಸಬೇಡಿ.

ಕೊನೆಗೆ ಎಲ್ಲಿ ತಾಗುತ್ತದೆ ಅಂತ ನೋಡಲು ಬಣ್ಣದ ಕಾಗದ ಕಚ್ಚಿಸುತ್ತಾರೆ. ನನ್ನ ಪ್ರಕಾರ ಫಿಲ್ಲಿಂಗಿನ ಅರ್ಧ ಆಯುಸ್ಸು ಇಲ್ಲೇ ತೀರ್ಮಾನವಾಗುತ್ತದೆ. ಮಲಗಿಕೊಂಡೇ ಕಚ್ಚಿ ಮುಗಿಸಬೇಡಿ, ನೆಟ್ಟಗೆ ಕೂತು ಕಚ್ಚಿ, ಕೆಳದವಡೆಯನ್ನು ಆ ಕಡೆ ಈ ಕಡೆ ಉಜ್ಜಿ. ಹಲ್ಲಿನ ಮೇಲೂ ಫಿಲ್ಲಿಂಗ್ ಮೇಲೂ ಸಣ್ಣ ಸಣ್ಣ ನೀಲಿ ಚುಕ್ಕಿ ಬಿದ್ದರೆ ಸರಿ. ಫಿಲ್ಲಿಂಗ್ ಮೇಲೆ ಮಾತ್ರ ದಪ್ಪ ಕಲೆ ಬಿದ್ದರೆ ಅದು ಎತ್ತರವಾಗಿದೆ, ಇಡೀ ಭಾರ ಅದರ ಮೇಲೇ. ಮರಗಟ್ಟಿದ ಬಾಯಿಗೆ ಆಗ ಗೊತ್ತಾಗುವುದಿಲ್ಲ. ಮನೆಗೆ ಹೋದಮೇಲೆ ತಾಗುತ್ತಿದೆ ಅನ್ನಿಸಿದರೆ 'ಅಭ್ಯಾಸ ಆಗುತ್ತೆ' ಅಂತ ಬಿಡಬೇಡಿ, ವಾಪಸ್ ಹೋಗಿ ಉಜ್ಜಿಸಿಕೊಳ್ಳಿ. ಎದುರಿನ ಹಲ್ಲಿಗೆ ಸೆರಾಮಿಕ್ ಕ್ಯಾಪ್ ಇದ್ದರೆ ಅದು ಒರಟಾಗಿದೆಯಾ ಅಂತಲೂ ನೋಡಿಸಿ. ಒರಟು ಸೆರಾಮಿಕ್ ಫಿಲ್ಲಿಂಗನ್ನೂ ತೇಯುತ್ತದೆ, ಹಲ್ಲನ್ನೂ ತೇಯುತ್ತದೆ.

ಮನೆಯಲ್ಲಿ ಇದ್ದಿಲು, ಉಪ್ಪು, ಒರಟು ಹಲ್ಲುಪುಡಿ ಬೇಡ. ಮೆತ್ತಗಿನ ಬ್ರಷ್ ಸಾಕು. ಲಿಂಬೆ ಪಾನಕ, ಸೋಡಾ ಕುಡಿದರೆ ಬಾಯಿ ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಹಲ್ಲುಜ್ಜಿ. ರಾತ್ರಿ ಹಲ್ಲು ಕಡಿಯುವವರು ನೈಟ್ ಗಾರ್ಡ್ (ಮಲಗುವಾಗ ಹಲ್ಲಿಗೆ ಹಾಕುವ ಕವಚ) ಮಾಡಿಸಿಕೊಳ್ಳಿ.

ಆಗಾಗ ನಾಲಿಗೆಯಿಂದ ಫಿಲ್ಲಿಂಗ್ ಅಂಚು ಸವರಿ ನೋಡಿ. ಮೆಟ್ಟಿಲಿನ ಹಾಗೆ ತಗ್ಗು ಸಿಕ್ಕರೆ, ಊಟದ ಚೂರು ಅಲ್ಲೇ ಸಿಕ್ಕಿಕೊಳ್ಳುತ್ತಿದ್ದರೆ, ಡಾಕ್ಟರಿಗೆ ತೋರಿಸಿ. ಅಡಿಯಲ್ಲಿ ಹುಳುಕಿಲ್ಲದಿದ್ದರೆ ಕಾಂಪೋಸಿಟ್ ಪೂರ್ತಿ ತೆಗೆಯಬೇಕೆಂದೇನಿಲ್ಲ. ಎಷ್ಟೋ ಸಲ ಮೇಲ್ಭಾಗ ಒರಟು ಮಾಡಿ ಹೊಸ ಪದರ ಕೂಡಿಸಬಹುದು.