ಹಂಡೆಯಿಂದ ಶುರು ಮಾಡಿ: ಮನೆಯ ಕಥೆ ಬರೆಯುವುದು ಹೇಗೆ?

ನಮ್ಮ ಬಚ್ಚಲಲ್ಲಿ ಒಂದು ತಾಮ್ರದ ಹಂಡೆ ಇದೆ. ಆರು ಕೊಡ ನೀರು ಹಿಡಿಯುತ್ತದೆ. ಕಂಠದ ಹತ್ತಿರ ಮುಷ್ಟಿ ಗಾತ್ರದ ನೆಗ್ಗು. ಅದರ ಕೆಳಗೆ ಚುಕ್ಕಿ ಚುಕ್ಕಿಯಾಗಿ ಕೊರೆದ ಮುತ್ತಜ್ಜನ ಹೆಸರು. ಮೂವತ್ತು ವರ್ಷ ಅದರ ನೀರಲ್ಲೇ ಸ್ನಾನ ಮಾಡಿದ್ದೇನೆ. ಆ ನೆಗ್ಗು ಹೇಗಾಯ್ತು ಅಂತ ಒಮ್ಮೆಯೂ ಕೇಳಿರಲಿಲ್ಲ.

ಮನೆಯ ಕಥೆ ಬರೀಬೇಕು ಅನ್ನುವವರು ಬಹಳ ಜನ. ಆದರೆ ಎಲ್ಲರೂ ಶುರು ಮಾಡುವುದು ವಂಶವೃಕ್ಷದಿಂದ. ಮೂಲಪುರುಷ, ಅವರಿಗೆ ಐದು ಮಕ್ಕಳು, ಅವರಿಗೆ ಇಪ್ಪತ್ತು ಮೊಮ್ಮಕ್ಕಳು. ಎರಡನೇ ಪುಟಕ್ಕೆ ಬರೆಯುವವರಿಗೇ ಸುಸ್ತು, ಇನ್ನು ಓದುವವರ ಪಾಡು? ವಂಶವೃಕ್ಷ ಬೇಡ ಅಂತಲ್ಲ, ಅದನ್ನು ಕೊನೇ ಪುಟಕ್ಕೆ ಹಾಕಿ. ಕಥೆಗೆ ಒಂದು ವಸ್ತು, ಒಂದು ದಿನ ಸಾಕು.

ಹಾಗಾಗಿ ಮೊದಲ ಕೆಲಸ, ಮನೆಯಲ್ಲಿರುವ ಹಳೇ ವಸ್ತು ಒಂದನ್ನು ಆರಿಸಿಕೊಳ್ಳುವುದು. ಹೆಸರು ಹಾಕಿಸಿದ ಪಾತ್ರೆ, ಅಡಕತ್ತರಿ, ಟ್ರಂಕು, ಯಾರೂ ಕೂರದ ಆರಾಮ ಕುರ್ಚಿ, ಏನಾದರೂ ಆಗುತ್ತದೆ. ದುಬಾರಿಯದ್ದೇ ಆಗಬೇಕಿಲ್ಲ. ನೆಗ್ಗಿದ್ದು, ಬೆಸುಗೆ ಹಾಕಿಸಿದ್ದು ಆದರೆ ಇನ್ನೂ ಒಳ್ಳೆಯದು.

ಕೇಳುವುದು ಹೇಗೆ

‘ಅಜ್ಜಿ, ನಿಮ್ಮ ಕಾಲದ ಕಥೆ ಹೇಳಿ’ ಅಂದರೆ ಬರುವ ಉತ್ತರ ಗೊತ್ತೇ ಇದೆ. ‘ಎಂಥ ಕಥೆ ಮಾರಾಯ? ಕಷ್ಟದ ಕಾಲ.’ ಅಲ್ಲಿಗೆ ಮುಗಿಯಿತು. ನಾನು ಕೇಳಿದ್ದು ‘ಈ ನೆಗ್ಗು ಹೇಗಾಯ್ತು?’ ಅಂತ.

‘ಲಾರಿಯಿಂದ ಬಿತ್ತು.’

‘ಯಾವ ಲಾರಿ?’

‘ಮುಳುಗಡೆ ಲಾರಿ.’

ನಮ್ಮ ಕಡೆ ಮುಳುಗಡೆ ಅಂದರೆ ಮತ್ತೆ ವಿವರಿಸಬೇಕಿಲ್ಲ. ಸಾಗರ ತಾಲ್ಲೂಕಿನಲ್ಲಿ ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟೆ ಮುಗಿದದ್ದು 1964ರಲ್ಲಿ. ತುಂಬಿದಾಗ ನೀರಿನ ಮಟ್ಟ ಸಮುದ್ರ ಮಟ್ಟದಿಂದ 1819 ಅಡಿ. ಅದರ ಹಿನ್ನೀರಿನಲ್ಲಿ ಊರುಗಳು, ಗದ್ದೆಗಳು, ತೋಟಗಳು ಮುಳುಗಿದವು. ಅದೇ ನದಿಗೆ ಮೊದಲೇ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೆಯೂ ಮುಳುಗಿತು. ಬೇಸಿಗೆಯಲ್ಲಿ ನೀರು ಚೆನ್ನಾಗಿ ಇಳಿದರೆ ಆ ಹಳೇ ಕಟ್ಟೆ ಈಗಲೂ ಕಾಣುತ್ತದೆ. ನಮ್ಮ ಮನೆ ಕಾಣುವುದಿಲ್ಲ.

ಹಿರಿಯರನ್ನು ಎದುರಿಗೆ ಕೂರಿಸಿಕೊಂಡು ಸಂದರ್ಶನ ಮಾಡಬೇಡಿ. ಕೈಗೆ ಕೆಲಸ ಇದ್ದಾಗ ಬಾಯಿಗೆ ಮಾತು ತಾನಾಗಿ ಬರುತ್ತದೆ. ಹಲಸಿನ ತೊಳೆ ಬಿಡಿಸುವಾಗ, ಹೂ ಕಟ್ಟುವಾಗ ಪಕ್ಕದಲ್ಲಿ ಕೂತು ನೀವೂ ಒಂದಿಷ್ಟು ಬಿಡಿಸಿ. ಮೊಬೈಲಲ್ಲಿ ರೆಕಾರ್ಡ್ ಮಾಡುತ್ತೀರಾದರೆ ಮೊದಲೇ ಹೇಳಿ, ಕದ್ದು ಮಾಡಬೇಡಿ. ಏರೋಪ್ಲೇನ್ ಮೋಡ್‌ಗೆ ಹಾಕುವುದನ್ನು ಮರೆಯಬೇಡಿ. ನನಗೆ ಮಧ್ಯದಲ್ಲಿ ಯಾರದ್ದೋ ಸಾಲದ ಕಾಲ್ ಬಂದು ಇಪ್ಪತ್ತು ನಿಮಿಷದ ಮಾತು ಹೋಯಿತು. ಎರಡನೇ ಸಲ ಕೇಳಿದಾಗ ಅಜ್ಜಿ ಅದನ್ನೇ ಅರ್ಧ ನಿಮಿಷದಲ್ಲಿ ಹೇಳಿ ಮುಗಿಸಿದರು.

ಅವತ್ತು ರಾತ್ರಿಯೇ ಕೇಳಿಸಿಕೊಂಡು ಬರೆದಿಡಿ. ನಾಳೆಗೆ ಬಿಟ್ಟರೆ ಅಜ್ಜಿಯ ಮಾತು ಹೋಗಿ ನಿಮ್ಮ ಮಾತು ಬಂದು ಕೂರುತ್ತದೆ.

ಇಸವಿ ಹಿಡಿಯುವುದು

ಹಿರಿಯರ ನೆನಪಲ್ಲಿ ಇಸವಿ ಇರುವುದು ಕಡಿಮೆ, ಸಂವತ್ಸರ ಇರುತ್ತದೆ. ‘ಕ್ರೋಧಿ ಯುಗಾದಿ ಹಳೇ ಮನೇಲೇ ಮಾಡಿದ್ದು, ಆಮೇಲೆ ಹೊರಟದ್ದು’ ಅಂದರು ಅಜ್ಜಿ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತದಲ್ವಾ? 2024ರ ಯುಗಾದಿಗೆ ಬಂದದ್ದು ಕ್ರೋಧಿ. ಅದರ ಹಿಂದಿನ ಕ್ರೋಧಿ 1964ರಲ್ಲಿ. ಲೆಕ್ಕ ಸಿಕ್ಕಿತು. ದೊಡ್ಡಪ್ಪ ಮಾತ್ರ 1962 ಅಂತ ಹಟ ಹಿಡಿದಿದ್ದರು. ಕೊನೆಗೆ ಅವರ ಟ್ರಂಕಿನಿಂದಲೇ ಹಳೇ ಶಾಲೆಯ ಟಿ.ಸಿ. ಸಿಕ್ಕಿತು. ಶಾಲೆ ಬಿಟ್ಟ ದಿನಾಂಕ 1964ರ ಏಪ್ರಿಲ್!

ಜಾತಕ, ಪಹಣಿ, ಲಗ್ನಪತ್ರಿಕೆ, ಇನ್‌ಲ್ಯಾಂಡ್ ಲೆಟರಿನ ಮೇಲಿನ ಅಂಚೆ ಮುದ್ರೆ, ಫೋಟೋ ಹಿಂದಿನ ಸ್ಟುಡಿಯೋ ಸೀಲು, ಇವೆಲ್ಲ ಸಾಕ್ಷಿಗಳೇ. ದುಡ್ಡಿನ ಲೆಕ್ಕದಲ್ಲಿ ಮಾತ್ರ ಎಚ್ಚರ. ನಯಾಪೈಸೆ ಬಂದದ್ದು 1957ರ ಏಪ್ರಿಲ್ 1ಕ್ಕೆ. ಹಾಗಂತ ‘ಎಂಟಾಣೆ’ ಅಂದ ಕೂಡಲೇ ಅದಕ್ಕಿಂತ ಹಿಂದಿನ ಮಾತು ಅಂತ ಬರೆದುಬಿಡಬೇಡಿ. ಐವತ್ತು ಪೈಸೆಗೆ ಎಂಟಾಣೆ ಅಂತ ನಾನೂ ಹೇಳಿದ್ದೇನೆ.

ಇಬ್ಬರು ಎರಡು ಥರ ಹೇಳಿದರೆ

ಹೇಳಿಯೇ ಹೇಳುತ್ತಾರೆ. ಲಾರಿಯಲ್ಲಿ ಹಂಡೆ ಖಾಲಿ ಇರಲಿಲ್ಲ. ಅದರೊಳಗೆ ಹಳೇ ಸೀರೆ ಹಾಸಿ ಏಳೆಂಟು ತಿಂಗಳ ಚಿಕ್ಕಪ್ಪನನ್ನು ಕೂರಿಸಿದ್ದೆ ಅಂತ ಅಜ್ಜಿ. ಅದೇ ಲಾರಿಯ ಮೇಲೆ ಕೂತು ಬಂದ ದೊಡ್ಡಪ್ಪನಿಗೆ ಆಗ ಒಂಬತ್ತು ವರ್ಷ. ಹಂಡೆಯಲ್ಲಿದ್ದದ್ದು ಬಿತ್ತನೆ ಭತ್ತ, ಬಿದ್ದಾಗ ಚೆಲ್ಲಿದ್ದನ್ನು ನಾನೇ ಬಾಚಿ ತುಂಬಿದ್ದೆ ಅಂತ ಅವರು. ಚಿಕ್ಕಪ್ಪನನ್ನು ಕೇಳಿದರೆ, ‘ನಾನೇ ಇದ್ದೆ, ನೆನಪಿಲ್ಲ ಅಷ್ಟೇ’ ಅಂತಾರೆ.

ಇಸವಿಯ ಜಗಳ ಟಿ.ಸಿ.ಯಿಂದ ತೀರಿತು, ಇದು ತೀರುವಂಥದ್ದಲ್ಲ. ಇಂಥ ಕಡೆ ಪಂಚಾಯ್ತಿ ಮಾಡಲು ಹೋಗಬೇಡಿ. ಇಬ್ಬರ ಮಾತನ್ನೂ ಬರೆಯಿರಿ, ಯಾರು ಹೇಳಿದ್ದು ಅಂತಲೂ ಬರೆಯಿರಿ. ನನ್ನ ಪ್ರಕಾರ ಮನೆಯ ಕಥೆಯಲ್ಲಿ ಓದಲು ರುಚಿಯಾದ ಜಾಗವೇ ಇದು. ತಾಯಿಯ ನೆನಪಲ್ಲಿ ಮಗು ಉಳಿದಿದೆ, ಹುಡುಗನ ನೆನಪಲ್ಲಿ ಭತ್ತ ಉಳಿದಿದೆ.

ಬರೆಯಲು ಕೂತಾಗ

ನನ್ನ ಮೊದಲ ಪ್ರತಿ ಹೀಗಿತ್ತು: ‘ನಮ್ಮ ಅಜ್ಜಿ ತ್ಯಾಗಮಯಿ. ಬಹಳ ಕಷ್ಟಪಟ್ಟು ಮಕ್ಕಳನ್ನು ಸಾಕಿದರು.’ ಇದು ಯಾರ ಅಜ್ಜಿಗೆ ಹೊಂದುವುದಿಲ್ಲ ಹೇಳಿ? ಶ್ರದ್ಧಾಂಜಲಿ ಜಾಹೀರಾತಿನ ಭಾಷೆ. ಹರಿದು ಹಾಕಿ ಮತ್ತೆ ಬರೆದೆ: ‘ಮಾಡಿನ ಹೆಂಚು ಇಳಿಸಿ ಮೂರು ದಿನವಾಗಿತ್ತು. ಮೇಲೆ ಬರೀ ಆಕಾಶ. ಅಜ್ಜಿ ಅದೇ ಒಲೆಯಲ್ಲಿ ಗಂಜಿ ಬೇಯಿಸುತ್ತಿದ್ದರು.’

ಮುಳುಗಡೆ ಮನೆಗಳ ಹೆಂಚು, ತೊಲೆ, ಬಾಗಿಲುಗಳನ್ನು ಬಿಚ್ಚಿಕೊಂಡು ಹೊರಟವರು ಬಹಳ ಜನ. ಅದನ್ನು ತೋರಿಸಿದರೆ ‘ಕಷ್ಟ’ ಅನ್ನುವ ಪದ ಬೇಕಾಗುವುದಿಲ್ಲ. ‘ತ್ಯಾಗ’, ‘ಆದರ್ಶ’, ‘ಅಂದಿನ ಕಾಲವೇ ಚಂದ’ ಇಂಥವು ಕಂಡಲ್ಲಿ ಹೊಡೆದು ಹಾಕಿ.

ನಿರೂಪಣೆ ನಿಮ್ಮ ಕನ್ನಡದಲ್ಲಿರಲಿ, ಮಾತು ಮಾತ್ರ ಅವರ ಕನ್ನಡದಲ್ಲಿ. ‘ನೀರು ಬರ್ತದೆ ಅಂದ್ರೆ ಬರ್ತದೆ, ನಾವೆಂತ ಮಾಡೂದು’ ಅಂತ ಅಜ್ಜಿ ಹೇಳಿದ್ದನ್ನು ‘ನಾವು ಅಸಹಾಯಕರಾಗಿದ್ದೆವು’ ಅಂತ ತಿದ್ದಿದರೆ ಅಜ್ಜಿಯೇ ಮಾಯ. ಊರಿನ ಪದ ಅರ್ಥವಾಗದಿದ್ದರೆ ಅಂತ ಹೆದರಬೇಡಿ, ಪಕ್ಕದ ವಾಕ್ಯವೇ ಅದನ್ನು ಹೇಳಿಕೊಡುವಂತೆ ನೋಡಿಕೊಳ್ಳಿ. ಒಂದು ಕಥೆಯಲ್ಲಿ ಮೂರು ನಾಲ್ಕು ಜನ ಸಾಕು. ‘ಅತ್ತೆಯ ಮೈದುನನ ಮಗ’ ಬಂದ ಕಡೆ ಓದುಗರು ಎದ್ದು ಹೋಗುತ್ತಾರೆ.

ಆಸ್ತಿ ಜಗಳ, ಮುರಿದ ಮದುವೆ ಇವೂ ಕಥೆಯೊಳಗೆ ಬರುತ್ತವೆ. ಬದುಕಿರುವವರ ವಿಷಯವಾದರೆ ಅವರನ್ನು ಕೇಳಿಯೇ ಬರೆಯಿರಿ. ಬೇಡ ಅಂದರೆ ಬಿಡಿ. ನಾನು ಎರಡು ಪುಟ ಬಿಟ್ಟಿದ್ದೇನೆ.

ಓದಿ ಹೇಳಿ

ಕೊನೆಯ ಕೆಲಸ, ಬರೆದದ್ದನ್ನು ಯಾರ ಕಥೆಯೋ ಅವರಿಗೆ ಗಟ್ಟಿಯಾಗಿ ಓದಿ ಹೇಳುವುದು. ಹಂಡೆಯೊಳಗಿನ ಭತ್ತದ ವಿಷಯಕ್ಕೆ ಅಜ್ಜಿಗೆ ಸಿಟ್ಟು ಬರಬಹುದು ಅಂತ ನನಗೆ ಅಳುಕಿತ್ತು. ಅವರು ತಡೆದದ್ದು ಅದಕ್ಕೂ ಮೊದಲೇ, ನಾನು ಬೀಗುತ್ತಿದ್ದ ಮೊದಲ ಪ್ಯಾರಾದಲ್ಲೇ.

‘ಗಂಜಿ ಎಲ್ಲಿತ್ತು? ಆ ಮೂರು ದಿನ ಒಲೆಯೇ ಹಚ್ಚಿಲ್ಲ. ಮಾಡು ಇಲ್ಲದ ಒಲೆಗೆ ಬೆಂಕಿ ಹಾಕ್ಬಾರ್ದು ಅಂತ ಅತ್ತೆ ಹೇಳಿದ್ರು. ಅವಲಕ್ಕಿ ತಿಂದದ್ದು.’

ಹೌದು, ಆ ಗಂಜಿ ನನ್ನದೇ ಸೃಷ್ಟಿ. ರೆಕಾರ್ಡಿಂಗ್ ಮತ್ತೆ ಕೇಳಿದೆ, ಅದರಲ್ಲಿ ಎಲ್ಲೂ ಗಂಜಿ ಇಲ್ಲ. ಹೆಂಚು ಇಳಿಸಿದ್ದು ಕೇಳಿ ನನ್ನ ತಲೆಯೇ ಒಲೆ ಹಚ್ಚಿತ್ತು. ಆ ಸಾಲು ಹೊಡೆದು ಅವಲಕ್ಕಿ ಬರೆದೆ, ಮುತ್ತಜ್ಜಿಯ ಮಾತನ್ನೂ ಸೇರಿಸಿದೆ.

ಭತ್ತದ ಭಾಗ ಬಂದಾಗ ಅಜ್ಜಿ ಸುಮ್ನೆ ಕೇಳಿಸಿಕೊಂಡರು. ‘ಅವನೂ ಹಂಗೇ ಹೇಳ್ಲಿ ಬಿಡು’ ಅಂದು ನೀರು ಕಾದಿದೆಯಾ ಅಂತ ಬಚ್ಚಲ ಕಡೆ ಹೋದರು.