ಮಕ್ಕಳ ಕೇಸು ಮನೆತನಕ ಬಂದಾಗ

ಯಾದಗಿರಿ ಜಿಲ್ಲೆಯಲ್ಲಿ ಮಕ್ಕಳ ರಕ್ಷಣೆಯ ಕೆಲಸಕ್ಕೆ ಸೇರಿ ನನಗೆ ಒಂಬತ್ತು ವರ್ಷ. ಹೋದ ವಾರ ಹೊಸದಾಗಿ ಬಂದ ಹುಡುಗಿ ಕೇಳಿದಳು: "ಅಕ್ಕಾ, ರಾತ್ರಿ ನಿದ್ದಿನೇ ಬರವಲ್ದು. ಮೂರು ದಿನ ರಜಾ ಹಾಕ್ಲೇನ್ರಿ?" ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ದಣಿವು ಯಾವ ಬಗೆಯದು ಎಂದು ನೋಡಿಕೊಳ್ಳಿ. ಹತ್ತಿ ಬಿಡಿಸಲು ಶಾಲೆ ಬಿಟ್ಟ ಮಕ್ಕಳು, ಅಕ್ಷಯ ತೃತೀಯದ ಸುಮಾರಿಗೆ ಮೇಲಿಂದ ಮೇಲೆ ಬಾಲ್ಯವಿವಾಹದ ಕರೆ, 24 ಗಂಟೆಯೊಳಗೆ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹಾಜರುಪಡಿಸುವ ಓಡಾಟ, ಮೇಲೆ ಫೈಲಿನ ರಾಶಿ. ಇದರಿಂದ ಬರುವುದು ಬರ್ನ್‌ಔಟ್, ಅಂದರೆ ಕೆಲಸದ ಹೊರೆಗೆ ಬಸವಳಿಯುವುದು. ನಿಧಾನಕ್ಕೆ ಏರುತ್ತದೆ, "ಯಾರಿಗಿ ಬೇಕಾಗ್ಯಾದ" ಎಂಬ ಮಾತು ತಾನಾಗಿ ಬಾಯಿಗೆ ಬರುತ್ತದೆ. ಇನ್ನೊಂದು, ಮಗು ಅನುಭವಿಸಿದ್ದನ್ನು ಕೇಳಿ ನಮ್ಮೊಳಗೆ ಆಗುವ ಗಾಯ. ಅದಕ್ಕೆ ಒಂದೇ ಕೇಸು ಸಾಕು. ರಜೆ ಮೊದಲನೆಯದಕ್ಕೆ ಒಂದಿಷ್ಟು ಆಸರೆ. ಎರಡನೆಯದಕ್ಕೆ ಬರೀ ರಜೆ ಸಾಲದು. ಒಬ್ಬಳೇ ಮನೆಯಲ್ಲಿ ಕೂತಾಗ ನನಗಂತೂ ಹೆಚ್ಚಾಯಿತು.

ಒಂದು ಪೋಕ್ಸೋ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ) ಕೇಸಿನಲ್ಲಿ ಹೇಳಿಕೆ ಕೊಡುವಾಗ ಆ ಮಗು ಲಂಗದ ಅಂಚಿನ ದಾರವನ್ನು ಬೆರಳಿಗೆ ಸುತ್ತುತ್ತಿತ್ತು, ಬಿಡಿಸುತ್ತಿತ್ತು, ಮತ್ತೆ ಸುತ್ತುತ್ತಿತ್ತು. ಬೆರಳ ತುದಿ ನೀಲಿಗಟ್ಟಿತ್ತು. ತಿಂಗಳಾದ ಮೇಲೆ ನನ್ನ ಮಗಳ ಜಡೆಗೆ ರಿಬ್ಬನ್ ಸುತ್ತುವಾಗ ನನ್ನ ಕೈ ನಡುಗಿತು. ಅಂದೇ ಸಂಜೆ ಅವಳ ಸೋದರಮಾವ ಅವಳನ್ನು ಎತ್ತಿಕೊಂಡ; ಓಡಿಹೋಗಿ ಕಸಿದುಕೊಂಡೆ. ಅವನು ನನ್ನ ಒಡಹುಟ್ಟಿದ ತಮ್ಮ. ಯಾರನ್ನೂ ನಂಬಲಾಗದಿರುವುದು, ಫೋನ್ ಸದ್ದಿಗೆ ಬೆಚ್ಚುವುದು, ಕೆಟ್ಟ ಕನಸು, ಇಲ್ಲವೇ ಏನು ಕೇಳಿದರೂ ಕಲ್ಲಿನಂತೆ ಕೂರುವುದು: ಇವನ್ನು ಕಂಡರೆ ತಡ ಮಾಡಬೇಡಿ.

ವರದಿಯನ್ನು ಅದೇ ದಿನ ಆಫೀಸಿನಲ್ಲೇ ಬರೆದು ಮುಗಿಸಿ. ಮಗುವಿನ ಮಾತನ್ನು ಅದರದೇ ಶಬ್ದದಲ್ಲಿ ಒಮ್ಮೆ ಬರೆಯಿರಿ. ರಾತ್ರಿ ಮಲಗುವ ಹೊತ್ತಿಗೆ ತೆರೆದು ಓದಬೇಡಿ. ಕೇಸಿನ ಫೋಟೊ ನಿಮ್ಮ ಮಕ್ಕಳ ಫೋಟೊ ಇರುವ ಫೋನಿನಲ್ಲಿ ಇರಕೂಡದು.

ಶಹಾಪುರ ಕಡೆಯಿಂದ ಬಸ್ಸಿನಲ್ಲಿ ಮರಳುವಾಗ ಭೀಮಾ ಸೇತುವೆ ನನ್ನ ಗಡಿ. ಅದು ಬರುವ ಮುಂಚೆ ಕಿಟಕಿಯಲ್ಲಿ ಕಂಡ ಐದು ವಸ್ತುಗಳನ್ನು ಹೆಸರಿಟ್ಟು ಎಣಿಸುತ್ತೇನೆ: ತೊಗರಿ ಹೊಲ, ಬಂಡೆ, ಎಮ್ಮೆ. ಪಾದ ಬಸ್ಸಿನ ನೆಲಕ್ಕೆ ಒತ್ತಿ ಉಸಿರನ್ನು ಉದ್ದಕ್ಕೆ ಬಿಡುತ್ತೇನೆ. ಮನಸ್ಸು ಆ ಕೋಣೆಯಿಂದ ಈ ಬಸ್ಸಿಗೆ ಬರಲು ಇಷ್ಟು ಬೇಕಾಗುತ್ತದೆ.

ಮಾತಾಡುವ ವಿಷಯಕ್ಕೇ ಎಲ್ಲರೂ ಎಡವುತ್ತಾರೆ. ಪೋಕ್ಸೋ ಕಾಯ್ದೆಯ 23ನೇ ಕಲಂ, ಬಾಲನ್ಯಾಯ ಕಾಯ್ದೆಯ 74ನೇ ಕಲಂ ಮಗುವಿನ ಗುರುತು ಹೊರಗೆ ಬಿಡಬಾರದು ಎನ್ನುತ್ತವೆ. ಹಾಗೆಂದು ಬಾಯಿಗೆ ಬೀಗ ಹಾಕಬೇಕಿಲ್ಲ. ಮಗುವಿಗೆ ಏನಾಯಿತು ಎಂಬುದನ್ನು ಬಿಟ್ಟು ನಿಮಗೆ ಏನಾಗುತ್ತಿದೆ ಎಂದು ಹೇಳಿ: "ಕೈ ನಡಗ್ತದ, ಊಟ ಸೇರವಲ್ದು." ಅದಕ್ಕೂ ಮೊದಲು ಕೇಳಿ, "ಒಂದ್ ಭಾರದ ಮಾತ್ ಅದ, ಈಗ ಕೇಳ್ತಿಯೇನು?" ಸಹೋದ್ಯೋಗಿಗಳ ನಡುವೆಯೂ ಇದೇ ಕ್ರಮ. ಚಹಾ ಕುಡಿಯುತ್ತಾ ಕೇಸಿನ ವಿವರ ಬಿಡಿಸಿಡುವ ರೂಢಿ ನಮ್ಮಲ್ಲಿದೆ. ಕೇಳಿಸಿಕೊಂಡವರು ಅದನ್ನು ಮನೆಗೆ ಹೊತ್ತೊಯ್ಯುತ್ತಾರೆ.

ಮೇಲ್ವಿಚಾರಕರೇ, ಒಂದು ದಿನದ ಯೋಗ ಶಿಬಿರ ಇಟ್ಟು ಕೈತೊಳೆದುಕೊಳ್ಳಬೇಡಿ. ಕೇಸುಗಳನ್ನು ಹಂಚಿ. ಭಾರಿ ಕೇಸಿನ ಮರುದಿನ ಅವರಿಗೇ ಅಂಥದ್ದೇ ಇನ್ನೊಂದು ಕೊಡಬೇಡಿ, ಇಬ್ಬಿಬ್ಬರನ್ನು ಕಳಿಸಿ. ವಾರಕ್ಕೊಂದು ಗಂಟೆ "ಎಷ್ಟು ಮುಗಿದವು" ಎಂದು ಕೇಳದೆ, "ಹೆಂಗಿದ್ದೀರಿ" ಎಂದು ಕೇಳಿ ಸುಮ್ಮನೆ ಕೂತು ಆಲಿಸಿ.

ಎರಡು ವಾರವಾದರೂ ನಿದ್ದೆ ಸರಿಹೋಗದಿದ್ದರೆ ಮನೋವೈದ್ಯರ ಬಳಿ ಹೋಗಿ. ಸಾಯುವ ಯೋಚನೆ ಬಂದರೆ ಒಂದು ದಿನವೂ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಆ ಹುಡುಗಿ ರಜೆಯ ಚೀಟಿ ಬರೆಯಲಿಲ್ಲ. ಒಂದು ತಿಂಗಳು ಅವಳಿಗೆ ಪೋಕ್ಸೋ ಕೇಸು ಬೇಡವೆಂದು ಇಬ್ಬರೂ ಸೇರಿ ಬರೆದುಕೊಟ್ಟಿದ್ದೇವೆ. ನಾಳೆ ಸುರಪುರಕ್ಕೆ ಅವಳ ಜೊತೆ ನಾನೂ ಹೋಗುತ್ತಿದ್ದೇನೆ.