ಪಕ್ಷದ ಮಾತು ಬಿಸಿಯಾದಾಗ ಕಾಲುವೆ ನೀರು ಕೇಳಿ

ಗಂಗಾವತಿ, ಸಿಂಧನೂರು ಕಡೆಯವರಿಗೆ ಒಂದು ಸಲಹೆ. ಚಹಾದಂಗಡಿಯಲ್ಲಿ ಪಕ್ಷದ ಮಾತು ಜಗಳಕ್ಕೆ ತಿರುಗುತ್ತಿದ್ದರೆ, ಎದುರಿನವರಿಗೆ ನಿಮಗಿಂತ ಜಾಸ್ತಿ ಗೊತ್ತಿರುವ ಪ್ರಶ್ನೆ ಕೇಳಿ: "ಅಣ್ಣಾ, ನಿಮ್ಮ ಹೊಲಕ್ಕೆ ಕಾಲುವೆ ನೀರು ಬಂತಾ? ನಾಟಿ ಮುಗೀತಾ?" ಕೇಳಿ ಸುಮ್ನಿರಿ, ಉತ್ತರ ಪೂರ್ತಿ ಬರಲಿ. ಇದೇ ಕಷ್ಟದ ಭಾಗ ಅನ್ನಿ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಗೆ ನೀರು ಮುಟ್ಟದಿದ್ದರೆ ಎರಡೂ ಪಕ್ಷದವರ ಭತ್ತ ಒಣಗುತ್ತದೆ, ಅಲ್ವಾ? ಅದಕ್ಕೇ ದನಿ ತಾನಾಗಿ ಇಳಿಯುತ್ತದೆ. ನೀರೇ ರಾಜಕೀಯವಾದಾಗ ಮಾತ್ರ ಇದು ನಡೆಯಲ್ಲ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ಕಾಲುವೆ ಮಾತೆತ್ತಿದ್ದರೆ ಬೆಂಕಿಗೆ ತುಪ್ಪ. ಅಂಥ ಹೊತ್ತಲ್ಲಿ ಎಮ್ಮೆ ಕರು, ಮಗಳ ಪರೀಕ್ಷೆ ಕೇಳಿ. ವಾಟ್ಸಾಪ್‌ನಲ್ಲಿ ಕೇಳಿದರೆ ಮಾತು ತಪ್ಪಿಸ್ತಿದ್ದೀರಿ ಅಂತಾರೆ, ಫೋನ್ ಹಚ್ಚಿ.